ಕೆರೆಯ ಹುಳ, ದೊಣೆಯ ಹುಳ ಮತ್ತು ವನಜ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ.

ಇಷ್ಟು ಖಚಿತವಾಗಿ ಹೇಗೆ ಗೊತ್ತು ಅಂದರೆ, ಆಗಷ್ಟೇ ವಾಚು ನೋಡಿ, ಜಾಮ್ ಬಾಟಲಿಗೆ ಅಂಟಿಸಿದ್ದ ಚೀಟಿಯ ಮೇಲೆ ಸಮಯ ಬರೆದಿದ್ದೆ. ಪೆನ್ಸಿಲನ್ನು ಜಡೆಗೆ ಸಿಕ್ಕಿಸಿಕೊಂಡು ತಲೆ ಎತ್ತಿದೆ. ಮೇಲಿನ ಬಂಡೆಯ ಅಂಚಿನಿಂದ ಒಂದು ಗಿಡುಗ ಓರೆಯಾಗಿ ಹಾರಿಹೋಯಿತು. ಅದರ ಕಾಲಲ್ಲಿ ಏನೋ ಇತ್ತು. ಅಂಗೈ ಅಗಲದ್ದು, ಮೇಣದ ಬಣ್ಣದ್ದು.

ಆಮೇಲೆ ಸದ್ದು.

ಎಲ್ಲೋ ಲಾರಿ ಏರು ಹತ್ತುತ್ತಿದೆ ಅಂದುಕೊಂಡೆ. ಬೆಟ್ಟದ ನೆತ್ತಿಯ ಮೇಲೆ ಲಾರಿ ಎಲ್ಲಿಂದ ಬರಬೇಕು?

"ಅಲ್ಲಾಡ್ಬೇಡ ಕಣೇ!" ಅಂತ ವನಜ ಕೂಗಿದಳು. "ಇದ್ದ ಹಾಗೇ ಇರು! ಅಲ್ಲಾಡ್ಬೇಡ!"

ನಾನು ಅಲ್ಲಾಡಲಿಲ್ಲ.

ಕೂಗಿದ ವನಜ ಓಡಿದಳು.

ಕಳೆದ ಕೆಲವು ಭಾನುವಾರ ಪತ್ರಿಕೆಯ ಈ ಜಾಗದಲ್ಲಿ ನಾನಿರಲಿಲ್ಲ. ನನ್ನ ಬದಲು ಉಪ್ಪಿನಕಾಯಿ ಕೆಡದಂತೆ ಇಡುವುದು ಹೇಗೆ ಅನ್ನುವ ಲೇಖನ ಬಂದಿತ್ತಂತೆ. (ಅದೇ ಚೆನ್ನಾಗಿತ್ತು ಅಂದವರೂ ಇದ್ದಾರೆ.) ತರಕಾರಿ ಮಾರ್ಕೆಟ್ಟಿನಲ್ಲಿ ಒಬ್ಬರು ತಡೆದು ಕೇಳಿದರು, "ಏನ್ ಮೇಡಂ, ಬರೆಯೋದು ಬಿಟ್ಬಿಟ್ರಾ?"

"ಜೇನು ಕಚ್ತು" ಅಂದೆ.

ಆಕೆ ನಕ್ಕುಬಿಟ್ಟರು. ತಪ್ಪಿಲ್ಲ. ಜೇನು ಅಂದರೆ ಯಾರಿಗಾದರೂ ನೆನಪಾಗುವುದು ಬಾಟಲಿ, ನಿಂಬೆಹಣ್ಣು, ಬಿಸಿನೀರು. ನನಗೂ ಅಷ್ಟೇ ನೆನಪಾಗುತ್ತಿತ್ತು, ಆ ಹತ್ತು ಇಪ್ಪತ್ತರವರೆಗೆ. ಈಗ ಈ ಸಾಲು ಬರೆಯುವಾಗಲೂ ಕೈ ಕುತ್ತಿಗೆಯ ಹಿಂದಕ್ಕೆ ಹೋಗುತ್ತಿದೆ. ಅಲ್ಲಿ ಏನೂ ಇಲ್ಲ. ಮುಟ್ಟಿ ನೋಡಿದೆ.

ಮೊದಲಿನಿಂದ ಹೇಳುತ್ತೇನೆ. ಹೇಳಿಬಿಟ್ಟರೆ ಹೆದರಿಕೆ ಇಳಿಯುತ್ತೆ ಅನ್ನುವುದು ನಮ್ಮ ಯಜಮಾನರ ಥಿಯರಿ. ಅವರು ಬೆಟ್ಟಕ್ಕೆ ಬಂದಿರಲಿಲ್ಲ, ಥಿಯರಿ ಅವರಿಗೆ ಸುಲಭ.

ವನಜ ನನ್ನ ಗೆಳತಿ. ತುಮಕೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ನಾವಿಬ್ಬರೂ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇವೆ. ಅವಳು ಗುಬ್ಬಿಯಿಂದ ದಿನಾ ರೈಲಿನಲ್ಲಿ ಬರುತ್ತಾಳೆ. ಮದುವೆಯಾಗಿಲ್ಲ, ಅಮ್ಮನ ಜೊತೆ ಇದ್ದಾಳೆ. ರೈಲು ತಡವಾದ ದಿನ ಪ್ರಿನ್ಸಿಪಾಲರು ಬೈಯುವ ಮೊದಲೇ ಅವಳು ರೈಲ್ವೆ ಇಲಾಖೆಯನ್ನು ಬೈದು, ಅವರು ಬಾಯಿ ತೆರೆಯುವಷ್ಟರಲ್ಲಿ ಕ್ಲಾಸಿಗೆ ಹೋಗಿಬಿಟ್ಟಿರುತ್ತಾಳೆ. ನಾನಾದರೆ ಅದೇ ಪ್ರಿನ್ಸಿಪಾಲರ ಎದುರು ನಿಂತಲ್ಲೇ ಕಲ್ಲಾಗುತ್ತೇನೆ. ಉತ್ತರ ಹೊಳೆಯುವುದು ಮನೆಗೆ ಬಂದು ಅಕ್ಕಿ ತೊಳೆಯುವಾಗ.

ಈ ಸಲ ಡಿಸೆಂಬರಿನಲ್ಲಿ ಫೈನಲ್ ಬಿ.ಎಸ್ಸಿ. ಹುಡುಗಿಯೊಬ್ಬಳು ವನಜಳ ಕ್ಲಾಸಿನಲ್ಲಿ ಎದ್ದು ನಿಂತಳಂತೆ. "ಮೇಡಂ, ನ್ಯಾಚುರಲ್ ಸೆಲೆಕ್ಷನ್ ನ್ಯಾಚುರಲ್ ಸೆಲೆಕ್ಷನ್ ಅಂತೀರಲ್ಲ, ಅದನ್ನ ಯಾರಾದ್ರೂ ಕಣ್ಣಾರೆ ನೋಡಿದಾರಾ?"

ನಾನಾಗಿದ್ದರೆ ಅದಕ್ಕೆ ಲಕ್ಷಾಂತರ ವರ್ಷ ಬೇಕಮ್ಮ ಕೂತ್ಕೋ ಅನ್ನುತ್ತಿದ್ದೆ. ವನಜ ಏನಂದಳು ಗೊತ್ತೆ? "ಪರೀಕ್ಷೆಗೆ ಮುಂಚೆ ತೋರಿಸ್ತೀನಿ."

ಮಾತು ಅವಳು ಕೊಟ್ಟಳು, ತೊಟ್ಟಿ ನಾನು ಕೊಡಬೇಕಾಯಿತು. ನಮ್ಮ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸಿಮೆಂಟ್ ತೊಟ್ಟಿಯೊಂದಿದೆ.

ಏರೋಪ್ಲೇನ್ ಚಿಟ್ಟೆ ನಿಮಗೆಲ್ಲ ಗೊತ್ತು. ಚಿಕ್ಕಂದಿನಲ್ಲಿ ಬಾಲಕ್ಕೆ ದಾರ ಕಟ್ಟಿ ಹಾರಿಸಿದ ಪಾಪ ನಮ್ಮೆಲ್ಲರ ತಲೆ ಮೇಲೂ ಇದೆ. ಅದರ ಸಣ್ಣ ತಂಗಿಯಂಥ ಇನ್ನೊಂದು ಕೀಟ ಉಂಟು. ಕಡ್ಡಿಯಷ್ಟು ಸಪೂರ ಮೈ, ಕೂತಾಗ ರೆಕ್ಕೆ ಮಡಚಿಕೊಳ್ಳುತ್ತದೆ. ನಾವಿಬ್ಬರೂ ಅದನ್ನು ಸೂಜಿಚಿಟ್ಟೆ ಅನ್ನುತ್ತೇವೆ. ರೆಕ್ಕೆ ಬರುವ ಮುಂಚೆ ಅದರ ಬಾಳೆಲ್ಲ ನೀರಿನೊಳಗೆ. ಮರಿಗೆ ಬಾಲದ ತುದಿಯಲ್ಲಿ ಮೂರು ಪುಟ್ಟ ಎಲೆಗಳಿರುತ್ತವೆ. ಉಸಿರಾಟಕ್ಕೂ ಅವೇ, ದೋಣಿಯ ಹುಟ್ಟಿನಂತೆ ನೀರು ತಳ್ಳುವುದಕ್ಕೂ ಅವೇ.

ಈ ಮರಿಗಳನ್ನು ನಾವು ಎರಡು ಕಡೆಯಿಂದ ತಂದೆವು. ಒಂದು ಕುಣಿಗಲ್ ಕೆರೆಯ ಅಂಚಿನ ಜೊಂಡಿನಿಂದ. ಇನ್ನೊಂದು ಹುಲಿಯೂರುದುರ್ಗದ ಬೆಟ್ಟದ ಮೇಲಿನ ದೊಣೆಯಿಂದ. ದೊಣೆ ಅಂದರೆ ಬಂಡೆಯಲ್ಲೇ ಆದ ಹೊಂಡ, ಮಳೆನೀರು ನಿಂತಿರುತ್ತೆ. ನಾವು ಹೋಗುತ್ತಿದ್ದ ದೊಣೆ ಬೇಸಿಗೆಯಲ್ಲೂ ಬತ್ತುವುದಿಲ್ಲ. ಕೆರೆಯಲ್ಲಿ ಮೀನಿದೆ. ದೊಣೆಯಲ್ಲಿ ಇಲ್ಲ. ಅಷ್ಟು ಎತ್ತರಕ್ಕೆ ಮೀನು ಹೇಗೆ ಹತ್ತೀತು?

ಹಾಗಂತ ದೊಣೆಯಲ್ಲಿ ಹೆದರಿಕೆ ಇಲ್ಲವೆ? ಇದೆ. ಅಲ್ಲಿ ಏರೋಪ್ಲೇನ್ ಚಿಟ್ಟೆಯ ದೊಡ್ಡ ಮರಿಗಳಿವೆ. ಕೆಸರಲ್ಲಿ ಹೊಂಚು ಹಾಕಿ ಕೂತು, ಮಡಚಿಟ್ಟ ತುಟಿಯನ್ನು ಫಕ್ಕನೆ ಚಾಚಿ ಹಿಡಿದು ತಿನ್ನುತ್ತವೆ. ಅಕ್ಕ ತಂಗಿ ಅನ್ನುವ ಭೇದ ಅವಕ್ಕಿಲ್ಲ.

ಎರಡೂ ಕಡೆಯ ಸೂಜಿಚಿಟ್ಟೆ ಮರಿಗಳು ಮೇಲ್ನೋಟಕ್ಕೆ ಒಂದೇ ಥರ. ಕಡ್ಡಿಯಿಂದ ಮುಟ್ಟಿ ನೋಡಿದಾಗ ಗೊತ್ತಾಯಿತು. ಕೆರೆಯದು ಜೊಂಡಿಗೆ ಅಂಟಿಕೊಂಡು ಇದ್ದಲ್ಲೇ ಸತ್ತಂತಿತ್ತು. ಮತ್ತೆ ಮುಟ್ಟಿದರೂ ಇಲ್ಲ. ದೊಣೆಯದು ಕಡ್ಡಿ ಹತ್ತಿರ ಬರುವಷ್ಟರಲ್ಲೇ ಮೈ ಬಳುಕಿಸಿಕೊಂಡು ಆಚೆ ದಡಕ್ಕೆ ಪರಾರಿ. ಅದರ ಬಾಲದ ಎಲೆಗಳೂ ಅಗಲ, ಒಳ್ಳೆ ಹುಟ್ಟಿನ ಹಾಗೆ.

ಆಮೇಲೆ ತೊಟ್ಟಿಗೆ ಕೆರೆಯ ಮೀನು ಬಿಟ್ಟೆವು.

ದೊಣೆಯವು ಓಡಿದವು. ಓಡಿದ್ದೇ ತಪ್ಪಾಯಿತು. ಮೀನಿಗಿಂತ ಜೋರಾಗಿ ನೀರಿನಲ್ಲಿ ಯಾರು ಓಡುತ್ತಾರೆ? ಅಲ್ಲಿಯವರೆಗೆ ಮೀನಿಗೆ ಅವು ಕಂಡಿರಲೇ ಇಲ್ಲ. ಅಲುಗಿದ್ದು ಕಂಡಿತು, ನುಂಗಿತು. ಸಂಜೆ ಹೊತ್ತಿಗೆ ತೊಟ್ಟಿಯಲ್ಲಿ ದೊಣೆಯ ಸಂತಾನ ಒಂದೂ ಉಳಿಯಲಿಲ್ಲ. ಕೆರೆಯವು ಮೀನಿನ ಮೂತಿಯ ಕೆಳಗೇ ಕಡ್ಡಿಯಂತೆ ಕೂತು ಬಹುಪಾಲು ಬದುಕಿದವು.

ಇನ್ನೊಂದು ಬಕೆಟ್ಟಿನಲ್ಲಿ ಮೀನಿನ ಬದಲು ಏರೋಪ್ಲೇನ್ ಚಿಟ್ಟೆಯ ದೊಡ್ಡ ಮರಿ. ಅಲ್ಲಿ ಎಲ್ಲ ತಿರುಗುಮುರುಗು. ಓಡಿದ್ದು ಉಳಿಯಿತು. ಕೆರೆಯಿಂದ ತಂದದ್ದು, ಪಾಪ, ಕಲಿತ ಬುದ್ಧಿಯಂತೆ ಸುಮ್ಮನೆ ಕೂತಿತ್ತು. ಆ ದೊಡ್ಡ ಮರಿ ಕೆಸರಲ್ಲಿ ತೆವಳಿಕೊಂಡು ಬಂದು, ಅಳತೆ ನೋಡಿದ ಹಾಗೆ ಒಂದು ಕ್ಷಣ ನಿಂತು, ತುಟಿ ಚಾಚಿ ಹಿಡಿಯಿತು.

ಕಲಿತ ಬುದ್ಧಿ ಅಂದೆನಲ್ಲ, ಅದು ತಪ್ಪು. ಅವು ಯಾವುದನ್ನೂ ಕಲಿತಿಲ್ಲ. ಮೀನು ಪಾಠ ಹೇಳುವುದಿಲ್ಲ, ತಿನ್ನುತ್ತದೆ, ಅಷ್ಟೆ. ಕೆರೆಯಲ್ಲಿ ಎಂದೋ ಓಡುವ ಸ್ವಭಾವದವೂ ಇದ್ದಿರಬೇಕು. ಅವು ಮೀನಿನ ಹೊಟ್ಟೆ ಸೇರಿದವು, ಮೊಟ್ಟೆ ಇಡಲು ಉಳಿಯಲಿಲ್ಲ. ಕೂರುವವು ಉಳಿದವು, ಅವುಗಳ ಮಕ್ಕಳೂ ಕೂರುವವೇ ಆದವು. ನಮ್ಮ ತೊಟ್ಟಿಯಲ್ಲಿ ಕಂಡದ್ದು ಅಂಥ ಒಂದು ಮಧ್ಯಾಹ್ನ. ಕೆರೆಯಲ್ಲಿ ಅಂಥ ಮಧ್ಯಾಹ್ನಗಳು ಎಷ್ಟೋ ತಲೆಮಾರು ನಡೆದಿವೆ.

ಪ್ರಶ್ನೆ ಕೇಳಿದ ಹುಡುಗಿ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ನೋಡಿದಳು. ಕಾಫಿ ಕೊಟ್ಟರೆ ಬೇಡ ಅಂದಳು.

ಯಜಮಾನರು ಮಾತ್ರ ಗೊಣಗಿದರು. "ತೊಟ್ಟೀಲಿ ಮೀನು, ಬಕೆಟ್ನಲ್ಲಿ ಹುಳ. ನಾನೆಲ್ಲಿ ಸ್ನಾನ ಮಾಡ್ಲಿ, ಕುಣಿಗಲ್ ಕೆರೇಲಾ?"

"ಹೋಗಿ ಭಾವ, ಅಲ್ಲಾಡದೆ ಮಾಡಿ. ಅಲ್ಲಾಡಿದ್ರೆ ಮೀನು ತಿನ್ನುತ್ತೆ" ಅಂದಳು ವನಜ.

ಅಲ್ಲಿಂದ ಅದೊಂದು ಆಟವೇ ಆಯಿತು. ಸ್ಟಾಫ್ ರೂಮಿನಲ್ಲಿ ಪ್ರಿನ್ಸಿಪಾಲರ ಚಪ್ಪಲಿ ಸದ್ದು ಕೇಳಿದರೆ ವನಜ ಪಿಸುಗುಡುತ್ತಿದ್ದಳು, "ಮೀನು ಬಂತು, ಅಲ್ಲಾಡ್ಬೇಡ." ನನಗೆ ಕೆರೆಯವಳು ಅಂತ ಹೆಸರಿಟ್ಟಳು. ತಾನು ದೊಣೆಯವಳು. ನಗುತ್ತಿದ್ದೆವು. ಒಂದು ಮಾತನ್ನು ದಿನಾ ಆಡಿ ಆಡಿ ನಾಲಿಗೆ ತುದಿಗೆ ತಂದಿಟ್ಟುಕೊಂಡರೆ ಅದು ಯಾವಾಗ ಜಾರೀತು ಅಂತ ಯಾರು ಯೋಚಿಸುತ್ತಾರೆ?

ಫೆಬ್ರವರಿಯ ಆ ಶನಿವಾರ ನಾವು ಬೆಟ್ಟಕ್ಕೆ ಹೋದದ್ದು ದೊಣೆಯ ಮರಿಗಳು ಮುಗಿದಿದ್ದವು ಅಂತ. ಬೆಳಗಿನ ಬಸ್ಸು ಹಿಡಿದು ಕುಣಿಗಲ್, ಅಲ್ಲಿಂದ ಹುಲಿಯೂರುದುರ್ಗ. ಚೀಲದಲ್ಲಿ ಟೀ ಸೋಸುವ ಜಾಲರಿ, ಬಾಟಲಿಗಳು, ವನಜಳ ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ, ಕೂತು ತಿನ್ನಲು ಒಂದು ಹಳೆ ಜಮಖಾನ. ದೊಣೆಯ ಮೇಲ್ಗಡೆ ಮುಂಚಾಚಿದ ಬಂಡೆಯಡಿಯಲ್ಲಿ ಹೆಜ್ಜೇನಿನ ತಟ್ಟಿಗಳು ಇದ್ದವು. ಕಂಡಿರಲಿಲ್ಲ ಅಂತಲ್ಲ. ಹಿಂದಿನ ಸಲವೂ ನೋಡಿದ್ದೆವು. ಕಪ್ಪು ಕಂಬಳಿ ನೇತು ಹಾಕಿದ ಹಾಗೆ. ನಾವು ಅವುಗಳ ತಂಟೆಗೆ ಹೋಗದಿದ್ದರೆ ಅವು ನಮ್ಮ ತಂಟೆಗೆ ಬರುವುದಿಲ್ಲ ಅಂತ ಇಬ್ಬರೂ ಮಾತಾಡಿಕೊಂಡಿದ್ದೆವು.

ತಂಟೆಗೆ ಹೋದದ್ದು ಗಿಡುಗ. ಜೇನುತಟ್ಟಿ ಕಿತ್ತು ತಿನ್ನುವ ಜಾತಿಯದು. ಅದು ತುಂಡು ಕಿತ್ತುಕೊಂಡು ಹೋಯಿತು. ಕೆಳಗೆ ಉಳಿದವರು ನಾವು.

ಕಂಬಳಿ ಬಿಚ್ಚಿಕೊಂಡಿತು.

ವನಜ "ಅಲ್ಲಾಡ್ಬೇಡ" ಅಂದಳು, ನಾನು ದೊಣೆಯ ಪಕ್ಕ ಕುಕ್ಕರಗಾಲಲ್ಲೇ ಉಳಿದೆ. ಅವಳ ಹಸಿರು ಸೀರೆ ಬಂಡೆಯ ಅಂಚು ದಾಟಿ ಕೆಳಗಿಳಿದದ್ದು ಕಂಡಿತು. ಅವಳ ಹಿಂದೆ ಹೊಗೆಯಂಥದ್ದು ಹೋಯಿತು. ನಾನು ಏನಂದುಕೊಂಡೆ ಗೊತ್ತೆ? ಅಯ್ಯೋ, ದೊಣೆಯವಳು ಓಡಿಬಿಟ್ಟಳು, ಹೋದಳು. ನಾನು ಅಲ್ಲಾಡುತ್ತಿಲ್ಲ, ನಾನು ಕಾಣುವುದಿಲ್ಲ.

ಮೊದಲನೆಯದು ರೆಪ್ಪೆಯ ಮೇಲೆ ಕೂತಿತು. ಕೂತಿತು, ಅಷ್ಟೆ. ಕಚ್ಚಲಿಲ್ಲ. ನನಗೆ ಇನ್ನೂ ಧೈರ್ಯ ಬಂತು.

ಆಮೇಲೆ ಕುತ್ತಿಗೆಯಲ್ಲಿ ಬೆಂಕಿ ಕಡ್ಡಿ ಒತ್ತಿದಂತಾಯಿತು. ಹಲ್ಲು ಕಚ್ಚಿದೆ. ಅಲ್ಲಾಡಲಿಲ್ಲ. ಅದೇ ಜಾಗದಲ್ಲಿ ಮತ್ತೊಂದು. ಅಲ್ಲೇ ಇನ್ನೊಂದು. ಒಂದು ಕಚ್ಚಿದ ಜಾಗದಲ್ಲಿ ವಾಸನೆ ಉಳಿಯುತ್ತೆ, ಉಳಿದವು ಆ ವಾಸನೆ ಹಿಡಿದು ಅಲ್ಲಿಗೇ ಬರುತ್ತವೆ. ಇದನ್ನು ನಾನು ಪಾಠ ಮಾಡಿದ್ದೇನೆ, ಬೋರ್ಡಿನ ಮೇಲೆ ಚಿತ್ರ ಬರೆದಿದ್ದೇನೆ. ಆ ಹೊತ್ತಿನಲ್ಲಿ ಮೈಗೆ ನೆನಪಿದ್ದದ್ದು ತೊಟ್ಟಿ ಒಂದೇ. ಅಲ್ಲಾಡದಿದ್ದರೆ ಬದುಕುತ್ತೀಯ. ಅಲ್ಲಾಡದಿದ್ದರೆ ಬದುಕುತ್ತೀಯ. ಎದುರಿಗಿರುವುದು ಮೀನಲ್ಲ ಅಂತ ನನ್ನ ಕಾಲಿಗೆ ಯಾರೂ ಹೇಳಲಿಲ್ಲ.

ಕಿವಿಯೊಳಗೆ ಒಂದು ಹೊಕ್ಕಿತು. ಹೊರಗಿನ ಸದ್ದು ತಲೆಯ ಒಳಗೇ ಬಂದುಬಿಟ್ಟಿತು. ಬಾಯಿ ತೆರೆದರೆ ಬಾಯೊಳಗೂ ಬರುತ್ತವೆ ಅಂತ ಕೂಗಲೂ ಇಲ್ಲ. ದೊಣೆಯ ನೀರು ಕಾಣುತ್ತಿತ್ತು. ಅದರ ಮೇಲೆ ನನ್ನ ನೆರಳು, ನೆರಳಿನ ಸುತ್ತ ಚುಕ್ಕೆಗಳು. ಆಮೇಲೆ ಒಂದು ಕಣ್ಣು ಮುಚ್ಚಿಕೊಂಡಿತು.

ಎಷ್ಟು ಹೊತ್ತು? ಗೊತ್ತಿಲ್ಲ. ಬಾಟಲಿ ಚೀಟಿಯ ಮೇಲೆ ಮುಂದಿನ ಸಮಯ ಬರೆಯುವವರು ಯಾರೂ ಇರಲಿಲ್ಲ.

ಯಾರೋ ನನ್ನ ಜಡೆ ಹಿಡಿದು ಎಳೆದರು.

"ಏಳೇ! ಏಳೇ ಮಾರಾಯ್ತಿ! ಓಡೇ!"

ವನಜ. ಅವಳು ತಿರುಗಿ ಬಂದಿದ್ದಳು. ಜಮಖಾನ ಕಿತ್ತು ನನ್ನ ತಲೆಯ ಮೇಲೆ ಹಾಕಿ, ತಾನೂ ಅರ್ಧ ತೂರಿಕೊಂಡು, ನನ್ನ ರಟ್ಟೆ ಹಿಡಿದು ದರದರ ಎಳೆದುಕೊಂಡು ಹೊರಟಳು. ಎಲ್ಲಿಗೆ ಹೋಗುತ್ತಿದ್ದೇವೆ ಅಂತ ನನಗೆ ಕಾಣುತ್ತಿರಲಿಲ್ಲ. ಅವಳ ಕಾಲು ಮಾತ್ರ ಕಾಣುತ್ತಿತ್ತು. ಒಂದರಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ.

ಕೆಳಗೆ ಹಳೆಯ ಕೋಟೆಬಾಗಿಲು. ಒಳಗೆ ಕತ್ತಲು, ತಣ್ಣಗೆ. ಜೇನು ಅಲ್ಲಿಗೆ ಬರಲಿಲ್ಲ, ಬಂದವು ಕೆಲವೇ. ನೆಲಕ್ಕೆ ಬಿದ್ದಾಗ ಗೊತ್ತಾಯಿತು, ಅವಳು ಮೊದಲ ಸಲ ಓಡಿದಾಗಲೇ ಅಲ್ಲಿಗೆ ಬಂದು ತಲುಪಿದ್ದಳು. ಉದುರಿದ ಬಳೆಚೂರು, ಅವಳ ಇನ್ನೊಂದು ಚಪ್ಪಲಿ ಅಲ್ಲೇ ಬಿದ್ದಿದ್ದವು. ಅಂದರೆ ಅವಳು ಬಚಾವಾಗಿದ್ದಳು. ಬಚಾವಾದ ಮೇಲೆ ಎದ್ದು, ಮತ್ತೆ ಆ ಬಂಡೆ ಹತ್ತಿ ಬಂದಿದ್ದಳು.

ಜಮಖಾನದ ದೊಡ್ಡ ಭಾಗ ನನ್ನ ಮೇಲಿತ್ತು. ಅದನ್ನು ನಾನು ಗಮನಿಸಿದ್ದು ಅವಳ ಬೆನ್ನು ನೋಡಿದ ಮೇಲೆ.

ಬೆಟ್ಟದ ಬುಡದ ಮೊದಲ ಮನೆ ಲಕ್ಕಮ್ಮ ಅನ್ನುವವರದು. ನಮ್ಮನ್ನು ಒಳಗೆ ನೂಕಿ ಬಾಗಿಲು ಹಾಕಿ, ಬೆರಣಿ ಹೊತ್ತಿಸಿ ಮನೆ ತುಂಬ ಹೊಗೆ ಎಬ್ಬಿಸಿದರು. ಬೈಯುತ್ತಲೇ ಇದ್ದರು. "ಯಾವೂರವ್ರವ್ವಾ ನೀವು? ಆ ಬಂಡೆ ತಾವ್ಕೆ ಯಾಕ್ ಓದ್ರಿ?"

"ಹುಳ... ಹುಳ ಹಿಡಿಯಕ್ಕೆ" ಅಂದೆ.

"ಉಳ ಇಡಿಯಾಕಾ? ಸರಿಯಾಗೈತೆ ಬುಡು! ಉಳಾನೇ ನಿಮ್ಮುನ್ನ ಇಡ್ಕಂಡೈತೆ!" ಅಂದು, ನನ್ನ ಮುಖ ನೋಡಿ, ತಕ್ಷಣ ದನಿ ಇಳಿಸಿದರು. "ಅಳ್ಬ್ಯಾಡ ಕಣವ್ವ. ಆ ಅಮ್ಮುನ್ನ ನೋಡು ಮೊದ್ಲು. ಉಸ್ರು ಎಳೀತಾವ್ಳೆ."

ನೋಡಿದೆ. ವನಜಳ ತುಟಿ ಊದಿ, ಕಣ್ಣು ಎರಡು ಗೆರೆಯಾಗಿದ್ದವು. ಉಸಿರು ಒಳಗೆ ಹೋಗುವಾಗ ಸಿಳ್ಳೆಯಂಥ ಸದ್ದು ಬರುತ್ತಿತ್ತು. ನಾನು ಅವಳ ಕೈ ಹಿಡಿದೆ. ಕೈ ತಣ್ಣಗಿತ್ತು. ಏನೋ ಹೇಳಲು ಹೋದಳು, ಬರಲಿಲ್ಲ. ದಿನಾ ಮಾತಾಡಿ ನನ್ನ ತಲೆ ತಿನ್ನುವವಳಿಗೆ ಮಾತು ಬರಲಿಲ್ಲ.

ಬೆಟ್ಟದ ಮೇಲೆ ನಾನು ಹೆದರಿದ್ದೆ ಅಂದುಕೊಂಡಿದ್ದೆ. ಅದು ಹೆದರಿಕೆಯೇ ಅಲ್ಲ. ಹೆದರಿಕೆ ಅಂದರೆ ಆ ಸಿಳ್ಳೆಯನ್ನು ಕೇಳುತ್ತ, ಸಂತೆ ಸಾಮಾನು ಹೇರುವ ಮೆಟಾಡೋರಿನ ಹಿಂಭಾಗದಲ್ಲಿ, ಕುಣಿಗಲ್ ಬರುವವರೆಗೆ ಕೂತದ್ದು. ಸಿಳ್ಳೆ ಕೇಳಿಸಿದರೆ ಹೆದರಿಕೆ. ಕೇಳಿಸದಿದ್ದರೆ ಇನ್ನೂ ಹೆದರಿಕೆ. ದಾರಿಯಲ್ಲಿ ಡ್ರೈವರ್ ಒಂದು ಸಲ ಎತ್ತಿನಗಾಡಿಗೆ ನಿಲ್ಲಿಸಿದ. ಆ ಗಾಡಿಯವನನ್ನು ನಾನು ಬೈದ ಮಾತುಗಳನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ನನ್ನ ಬಾಯಲ್ಲಿ ಅಂಥ ಮಾತುಗಳಿವೆ ಅಂತ ನನಗೇ ಗೊತ್ತಿರಲಿಲ್ಲ.

ಕುಣಿಗಲ್ಲಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು. ಉಸಿರು ಸ್ವಲ್ಪ ಸಡಿಲವಾಯಿತು. ನರ್ಸ್ ಒಬ್ಬರು ಅವಳ ಬೆನ್ನಿನಿಂದ ಮುಳ್ಳುಗಳನ್ನು ಉಗುರಿನಿಂದ ಗೀರಿ ಗೀರಿ ತೆಗೆದು ಹತ್ತಿಯ ಮೇಲಿಡುತ್ತಿದ್ದರು. ನಾನು ಎಣಿಸಲು ಹೋಗಲಿಲ್ಲ. ಡಾಕ್ಟರು ನನಗೂ ಒಂದು ಸೂಜಿ ಚುಚ್ಚಿ, ಅವಳ ಕಡೆ ನೋಡಿ ಅಂದರು, "ಉಸಿರಿನ ಕಂಟಕ ತಪ್ಪಿದೆ. ಮೂತ್ರ ಕಪ್ಪಗೆ ಬಂದ್ರೆ ಮಾತ್ರ ಕಷ್ಟ. ಇಷ್ಟು ವಿಷ ಕಿಡ್ನಿ ತಡ್ಕೋಬೇಕು. ತುಮಕೂರಿಗೆ ಕರ್ಕೊಂಡು ಹೋಗಿ."

ಮಾರನೆ ದಿನ ಕಪ್ಪಗೆ ಬಂತು.

ಆ ವಾರ ನಾನು ಯಾರು ಯಾರಿಗೆ ಹರಕೆ ಹೊತ್ತೆ ಅಂತ ಪ್ರಾಣಿಶಾಸ್ತ್ರದ ವಿದ್ಯಾರ್ಥಿನಿಯರಿಗೆ ಗೊತ್ತಾದರೆ ನನ್ನ ಮರ್ಯಾದೆ ಉಳಿಯುವುದಿಲ್ಲ. ಗುಬ್ಬಿಯಿಂದ ಬಂದ ಅವಳ ಅಮ್ಮ ಆಸ್ಪತ್ರೆಯ ವರಾಂಡದಲ್ಲಿ ನನ್ನ ಪಕ್ಕ ಕೂತಿರುತ್ತಿದ್ದರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಿಂಗೆ ಕಣ್ಣು ಕಾಣ್ತದೇನಮ್ಮ ಈಗ?" ಅಂತ ದಿನಾ ಕೇಳುತ್ತಿದ್ದರು. ಕಾಣುತ್ತೆ ಅಂತ ಹೇಳಲು ನಾಚಿಕೆಯಾಗುತ್ತಿತ್ತು.

ಒಂದು ಬೆಳಿಗ್ಗೆ ನರ್ಸ್ ಬಂದು, ಬಣ್ಣ ತಿಳಿಯಾಗಿದೆ ಅಂದರು. ಅಮ್ಮ ಎದ್ದು ಹೋಗಿ ನಲ್ಲಿಯ ಹತ್ತಿರ ಮುಖ ತೊಳೆದುಕೊಂಡು ತುಂಬ ಹೊತ್ತು ಅಲ್ಲೇ ನಿಂತಿದ್ದರು.

ಅವಳು ಉಳಿದಳು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ನಿದ್ದೆ ಹೋಯಿತು. ನಮ್ಮ ಮನೆಯ ಸೀಲಿಂಗ್ ಫ್ಯಾನಿಗೆ ಒಂದು ಗುಂಯ್ ಸದ್ದಿದೆ. ಮದುವೆಯಾದಾಗಿನಿಂದ ಇದೆ. ಆಸ್ಪತ್ರೆಯಿಂದ ಬಂದ ಮೊದಲ ದಿನ ಅದು ತಿರುಗಿದ ತಕ್ಷಣ ನಾನು ಮಂಚದ ಕೆಳಗಿದ್ದೆ. ಮಾರ್ಚ್ ತಿಂಗಳ ಸೆಖೆಯಲ್ಲಿ ಫ್ಯಾನ್ ಇಲ್ಲ. ಯಜಮಾನರು ದಿಂಬು ತಗೊಂಡು ತಾರಸಿಗೆ ಹೋದರು. ಪಕ್ಕದ ಮನೆಯವರು ಹೊಸ ಮಿಕ್ಸಿ ತಂದಿದ್ದಾರೆ. ಚಟ್ನಿಗೆ ಅವರು ಸ್ವಿಚ್ ಹಾಕಿದರೆ ನನ್ನ ಕೈಯ ಪಾತ್ರೆ ನೆಲದಲ್ಲಿ. ಕಣ್ಣು ಮುಚ್ಚಿದರೆ ಹತ್ತು ಇಪ್ಪತ್ತು. ಪೆನ್ಸಿಲ್, ಜಡೆ, ಗಿಡುಗ. ಅಲ್ಲಿಂದ ಕಥೆ ತಾನೇ ಓಡುತ್ತೆ, ಆದರೆ ಜಡೆ ಎಳೆಯುವ ಕೈ ಬರುವುದಿಲ್ಲ. ಬರುವ ಮುಂಚೆ ಎಚ್ಚರವಾಗುತ್ತದೆ.

ಅವಳು ಬರದಿದ್ದರೆ? ದಿನಾ ಇದೇ.

ಇನ್ನೊಂದು ಯೋಚನೆಯೂ ಬರುತ್ತಿತ್ತು. ನಾನೇಕೆ ಅಷ್ಟು ಚೆನ್ನಾಗಿ ಕಲ್ಲಾದೆ? ತೊಟ್ಟಿಯ ಹುಳ ನೋಡಿದ ಕೆಲವು ವಾರಗಳಿಂದ ಬಂದ ವಿದ್ಯೆಯೆ ಅದು? ಗೂಳೂರಿನ ನನ್ನ ತವರುಮನೆಯಲ್ಲಿ, ನಡುಮನೆಗೆ ಗಂಡಸರು ಬಂದರೆ ಅಜ್ಜಿ ಹೇಳುತ್ತಿದ್ದದ್ದು ಏನು? "ಅಲ್ಲಾಡ್ದೆ ಕೂತ್ಕೋ, ಯಾರೂ ನಿನ್ನ ನೋಡಲ್ಲ." ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಕೈಯೊಂದು ಬಂದಾಗ ನಾನು ಮಾಡಿದ್ದೇನು? ಕಿಟಕಿಯ ಕಡೆ ನೋಡುತ್ತ ಕೂತದ್ದು. (ನೀವು? ನನಗೆ ಹೇಳಬೇಕಾಗಿಲ್ಲ, ನಿಮಗೆ ನೀವೇ ಹೇಳಿಕೊಳ್ಳಿ.) ಕೆಲವು ಸಲ ಅದರಿಂದ ಬದುಕಿದ್ದೇನೆ. ಸುಳ್ಳೇಕೆ ಹೇಳಲಿ? ಆದರೆ ಒಂದು ಮೀನಿಗಾಗಿ ಕಲಿತದ್ದನ್ನು ಬಂದಬಂದ ಎಲ್ಲಕ್ಕೂ ಬಳಸುತ್ತ ಹೋದರೆ, ಬಕೆಟ್ಟಿನ ತಳದಲ್ಲಿ ಕೂತಿದ್ದ ಆ ಕೆರೆಯ ಮರಿಗೂ ನನಗೂ ಏನು ವ್ಯತ್ಯಾಸ?

ಹುಳಕ್ಕೆ ಬೇರೆ ದಾರಿ ಇಲ್ಲ. ಅದು ಅದರ ಅಜ್ಜಿಯರು ಉಳಿದ ಹಾಗೇ ಇರಬೇಕು. ನಮಗೂ ಹಾಗೇನಾ?

ವನಜ ಗುಬ್ಬಿಯ ಮನೆಗೆ ಹೋದ ಮೇಲೆ ನಾನು ನೋಡಲು ಹೋದೆ. ಸಣ್ಣಗಾಗಿದ್ದಳು. ಕಿಟಕಿ ಮುಚ್ಚಿಕೊಂಡು ಕೂತಿದ್ದಳು. ಅವಳೂ ಮಲಗುತ್ತಿಲ್ಲ ಅಂತ ಅವಳ ಅಮ್ಮ ಬಾಗಿಲಲ್ಲೇ ಹೇಳಿದರು.

"ನಿಂಗೂ ಸದ್ದು ಕೇಳುತ್ತಾ?" ಅಂದೆ.

"ಸದ್ದಲ್ಲ ಕಣೇ." ಮುಚ್ಚಿದ ಕಿಟಕಿಯ ಚಿಲಕ ಮುಟ್ಟಿ ನೋಡಿದಳು. "ನಿಂಗೆ ಅಲ್ಲಾಡ್ಬೇಡ ಅಂತ ಹೇಳಿ ನಾನು ಓಡ್ದೆ. ಅದು."

"ನೀನು ಬೇಕು ಅಂತ ಹೇಳಿದ್ಯಾ?"

"ಬಾಯಿಗೆ ಬಂತು. ದಿನಾ ಹೇಳ್ತಿದ್ನಲ್ಲ. ಬಾಯಿ ಅದನ್ನ ಹೇಳ್ತು, ಕಾಲು ಇದನ್ನ ಮಾಡ್ತು. ಕೋಟೆಬಾಗ್ಲಲ್ಲಿ ಕೂತು ತಿರುಗಿ ನೋಡಿದ್ರೆ ನೀನಿಲ್ಲ. ಆವಾಗ ಗೊತ್ತಾಯ್ತು, ಇವ್ಳು ನಾನು ಹೇಳಿದ್ನ ಕೇಳ್ಬಿಟ್ಟಿದಾಳೆ. ಜನ್ಮದಲ್ಲಿ ಒಂದಿನ ನನ್ನ ಮಾತು ಕೇಳಿದ್ದೀಯಾ ನೀನು? ಅವತ್ತೇ ಕೇಳ್ಬೇಕಿತ್ತಾ?"

ನಗು ಬಂತು. ಅವಳಿಗೆ ಬರಲಿಲ್ಲ.

"ಮತ್ತೆ ಯಾಕೆ ವಾಪಸ್ ಬಂದೆ?" ಅಂದೆ. ಕೇಳಬಾರದು ಅಂತ ರೈಲಿನಲ್ಲಿ ಬರುವಾಗ ತೀರ್ಮಾನ ಮಾಡಿದ್ದೆ.

ವನಜ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು. "ಚಿತ್ರಾನ್ನದ ಡಬ್ಬಿ ಅಲ್ಲೇ ಬಿಟ್ಟಿದ್ದೆ. ಸ್ಟೀಲ್ ಡಬ್ಬಿ. ಅಮ್ಮ ಸಾಯ್ಸಿಬಿಡ್ತಿದ್ಲು."

"ಡಬ್ಬಿ ತರಲೇ ಇಲ್ವಲ್ಲೇ!"

"ನೀನು ಭಾರ ಇದ್ದೆ. ಎರಡೂ ಆಗ್ತಿರ್ಲಿಲ್ಲ."

ಒಳಗಿಂದ ಅವಳ ಅಮ್ಮ, "ಯಾವ ಡಬ್ಬಿ?" ಅಂದರು. ಆಗ ಅವಳು ನಕ್ಕಳು. ನಕ್ಕು ನಕ್ಕು, ಮಧ್ಯದಲ್ಲಿ ಎಲ್ಲೋ ಅಳು ಶುರುವಾಯಿತು. ನಾನೂ ಸೇರಿಕೊಂಡೆ. ಅಮ್ಮ ಬಾಗಿಲಲ್ಲಿ ಸೌಟು ಹಿಡಿದು ನಿಂತು, ಇಬ್ಬರನ್ನೂ ನೋಡಿ ಒಳಗೆ ಹೋದರು.

ಅವಳು ಯಾಕೆ ಬಂದಳು ಅಂತ ಅವಳಿಗೂ ಗೊತ್ತಿಲ್ಲ. ನಾನು ಯೋಚಿಸಿ ನೋಡಿದ್ದೇನೆ. ಕೆರೆ ಕೂರುವ ಹುಳವನ್ನು ಉಳಿಸುತ್ತೆ, ದೊಣೆ ಓಡುವ ಹುಳವನ್ನು ಉಳಿಸುತ್ತೆ. ಓಡಿ ತಪ್ಪಿಸಿಕೊಂಡ ಮೇಲೆ ಇನ್ನೊಂದು ಹುಳಕ್ಕಾಗಿ ತಿರುಗಿ ಬಂದದ್ದನ್ನು ನಮ್ಮ ತೊಟ್ಟಿಯಲ್ಲಿ ನಾವು ನೋಡಲಿಲ್ಲ. ಮುಂದಿನ ವರ್ಷ ಯಾವಳಾದರೂ ಹುಡುಗಿ ಎದ್ದು ನಿಂತು, ಮೇಡಂ, ಇದು ಯಾವ ಸೆಲೆಕ್ಷನ್ನಿನಿಂದ ಬಂತು ಅಂತ ಕೇಳಿದರೆ? ವನಜಳನ್ನು ಕೇಳು ಅನ್ನುತ್ತೇನೆ. ಅವಳು ಡಬ್ಬಿಯ ಕಥೆ ಹೇಳುತ್ತಾಳೆ.

ಈ ಬುಧವಾರ ವನಜ ತುಮಕೂರಿಗೆ ಡಾಕ್ಟರನ್ನು ನೋಡಲು ಬಂದಳು. ಎಲ್ಲ ಸರಿ ಇದೆ ಅಂದರು. ಸಂಜೆಯ ರೈಲು ತಪ್ಪಿತು, ನಮ್ಮಲ್ಲೇ ಉಳಿದಳು. ಹಿತ್ತಲಿಗೆ ಹೋಗಿ ತೊಟ್ಟಿ ನೋಡಿದಳು. ಈ ಗಲಾಟೆಯಲ್ಲಿ ಅದನ್ನು ಯಾರೂ ಮುಟ್ಟಿರಲಿಲ್ಲ. ಯಜಮಾನರು ಮೀನಿಗೆ ದಿನಾ ಅನ್ನದ ಅಗುಳು ಹಾಕಿದ್ದರಂತೆ, ನನಗೆ ಹೇಳದೆ. ತೊಟ್ಟಿಯ ಅಂಚಿನಲ್ಲಿ, ನಾವು ನೆಟ್ಟ ಜೊಂಡಿನ ಕಡ್ಡಿಗಳ ಮೇಲೆ ಖಾಲಿ ಪೊರೆಗಳು ಅಂಟಿಕೊಂಡಿದ್ದವು. ಬೆನ್ನು ಸೀಳಿದ ಪೊರೆಗಳು. ಕೆರೆಯ ಮರಿಗಳು ಮೀನಿನ ಕಣ್ಣಿಗೆ ಬೀಳದೆ, ರೆಕ್ಕೆ ಬಂದು ಹಾರಿಹೋಗಿದ್ದವು.

"ನಿಮ್ಮೋರು ಪಾಸ್ ಕಣೇ" ಅಂದಳು ವನಜ.

ಊಟವಾಯಿತು. ನಡುಮನೆಯಲ್ಲಿ ಹಾಸಿಗೆ ಹಾಸಿದೆ. ಸೆಖೆಯೋ ಸೆಖೆ. ಅವಳು ಸ್ವಿಚ್ಚಿನ ಹತ್ತಿರ ಹೋಗಿ ನಿಂತು ನನ್ನ ಮುಖ ನೋಡಿದಳು.

"ಹಾಕ್ಲಾ?"

ನಾನು ಹಾಸಿಗೆಯ ಅಂಚು ಹಿಡಿದುಕೊಂಡೆ. "ನೀನು ಇಲ್ಲೇ ಇರ್ತೀಯಲ್ಲ?"

"ಎಲ್ಲಿಗೆ ಹೋಗ್ಲಿ? ಅಕಸ್ಮಾತ್ ಓಡಿದ್ರೂ ವಾಪಸ್ ಬರ್ತೀನಿ ಬಿಡು."

ಹಾಕಿದಳು. ಗುಂಯ್ ಅಂತು. ಅವಳ ಕೈ ಹುಡುಕಿ ಹಿಡಿದುಕೊಂಡೆ.

ಆಮೇಲಿನದು ನನಗೆ ಪಕ್ಕದ ಮನೆಯವರು ಹೇಳಿ ಗೊತ್ತು: ಗುರುವಾರ ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದು ಬಡಿದು, ನಿದ್ದೆಯಿಂದ ಯಾರೂ ಏಳದೆ ಸಾಕಾಗಿ, ಹಾಲನ್ನು ಅವರಿಗೇ ಕೊಟ್ಟು ಹೋದನಂತೆ.